ಎಲೆಯ ಬಲಕ್ಕೆ ಚುಕ್ಕೆ

ಫೆಬ್ರವರಿ 3

ನಾಣ್ಯ ಕೈಪಿಡಿ ಬರೆದವರಿಗೆ ನಮಸ್ಕಾರ.

ಕೈಪಿಡಿಯ ಕೊನೆಯ ಪುಟದಲ್ಲಿ "ಸಂದೇಹವಿದ್ದವರು ಬರೆಯಬಹುದು" ಎಂದು ವಿಳಾಸ ಕೊಟ್ಟಿದ್ದೀರಿ. ಪುಸ್ತಕ ಹಳೆಯದು. ವಿಳಾಸ ಬದಲಾಗಿದ್ದರೆ ಈ ಕಾಗದ ತಿರುಗಿ ಬರುತ್ತದೆ, ಅಷ್ಟೇ.

ನನ್ನ ಹತ್ತಿರ ತಾಮ್ರದ ಒಂದು ನಾಣ್ಯವಿದೆ, ನಲವತ್ತೊಂದು ವರ್ಷ ಹಿಂದಿನದು. ಇಸವಿಯ ಕೆಳಗೆ ಟಂಕಸಾಲೆಯ ಗುರುತು, ತೊಟ್ಟು ಕೆಳಗಾಗಿ ನಿಂತ ಸಣ್ಣ ಎಲೆ. ಎಲೆಯ ಎಡಗಡೆ ಒಂದು ಚುಕ್ಕೆ. ಬರಿಗಣ್ಣಿಗೆ ಕೊಳೆ ಕೂತ ಹಾಗೆ ಕಾಣುತ್ತದೆ. ಭೂತಗನ್ನಡಿ ಇಟ್ಟರೆ ಗುಂಡಗೆ ಎದ್ದು ನಿಂತಿದೆ.

ನಿಮ್ಮ 112ನೇ ಪುಟದಲ್ಲಿ ಇದರ ಬಗ್ಗೆ ಒಂದು ಸಾಲಿದೆ. "ಎಡಚುಕ್ಕೆ: ಕಳ್ಳ ಅಚ್ಚು. ಟಂಕಸಾಲೆಯ ಒಳಗಿನವರದೇ ಕೈವಾಡ." ಅದರ ಕೆಳಗೇ ಇನ್ನೊಂದು: "ಬಲಚುಕ್ಕೆ: ಅಸಲು. ಅತಿ ವಿರಳ. ಇದುವರೆಗೆ ಒಂದೂ ಸಿಕ್ಕಿಲ್ಲ."

ನನಗೆ ಇದೊಂದು ತಲೆಗೆ ಹೋಗುತ್ತಿಲ್ಲ. ಕೈಯಲ್ಲಿರುವುದು ಕಳ್ಳ, ಯಾರೂ ಕಾಣದ್ದು ಅಸಲು. ಹಾಗೆಂದು ನಿಮಗೆ ಹೇಳಿದವರು ಯಾರು? ತಿಳಿದುಕೊಳ್ಳುವ ಕುತೂಹಲ, ಬೇರೇನಿಲ್ಲ.

ಸ್ಟಾಂಪ್ ಅಂಗಡಿಯಿಂದ


ಫೆಬ್ರವರಿ 14

ಸ್ಟಾಂಪ್ ಅಂಗಡಿಯ ಮಾಲೀಕರಿಗೆ,

ಮಾನ್ಯರೇ, ತಮ್ಮ ಪತ್ರ ತಲುಪಿತು. ವಿಳಾಸ ಬದಲಾಗಿಲ್ಲ. ಮನುಷ್ಯನೂ ಅಷ್ಟೇನೂ ಬದಲಾಗಿಲ್ಲ. ವಸ್ತುಸಂಗ್ರಹಾಲಯದ ನಾಣ್ಯ ವಿಭಾಗದಿಂದ ನಿವೃತ್ತನಾಗಿ ಒಂಬತ್ತು ವರ್ಷವಾದರೂ ಬೆಳಗಾದರೆ ಕಿಟಕಿಯ ಪಕ್ಕದ ಮೇಜು, ಹಸಿರು ಬಟ್ಟೆ, ಭೂತಗನ್ನಡಿ. ನಮ್ಮ ಮನೆಯವಳು ಇದನ್ನು ನನ್ನ ಎರಡನೇ ಸಂಸಾರ ಎನ್ನುತ್ತಾಳೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬಾರದು. ಅಂಚೆಚೀಟಿಯ ವ್ಯಾಪಾರದಲ್ಲಿರುವವರು ನಾಣ್ಯಕ್ಕೆ ಕೈ ಹಾಕಿದಾಗ ಹೀಗೆ ಗೊಂದಲವಾಗುವುದು ಸಹಜ. ಅಂಚೆಚೀಟಿಯಲ್ಲಿ ತಪ್ಪು ಮುದ್ರಣಕ್ಕೇ ಬೆಲೆ. ನಾಣ್ಯದಲ್ಲಿ ಹಾಗಲ್ಲ, ಟಂಕಸಾಲೆಯ ಗುರುತು ಎಂದರೆ ಅದು ಹುಟ್ಟಿದ ಮನೆಯ ಹೆಸರು. ಅದು ಸುಳ್ಳಾದರೆ ಉಳಿದದ್ದು ಬರೀ ತಾಮ್ರದ ಬಿಲ್ಲೆ. ತಮ್ಮ ನಾಣ್ಯವನ್ನು ಮಾರುವ ಆಲೋಚನೆ ಇದ್ದರೆ ದಯವಿಟ್ಟು ಕೈಬಿಡಿ. ಎಡಚುಕ್ಕೆಯವು ನನ್ನ ಕೈಯಿಂದ ನೂರಾರು ಹಾದುಹೋಗಿವೆ.

ಆದರೆ ಬಲಚುಕ್ಕೆ ಸಿಕ್ಕರೆ, ಯಾರ ಪೆಟ್ಟಿಗೆಯಲ್ಲಿ ಸಿಕ್ಕರೂ ಸರಿ, ಮೊದಲು ನನಗೆ ಬರೆಯಿರಿ. ನಲವತ್ತು ವರ್ಷದಿಂದ ಅದನ್ನು ಹುಡುಕುತ್ತಿದ್ದೇನೆ. ಅದಕ್ಕಾಗಿ ಸುತ್ತದ ಊರಿಲ್ಲ, ತೆರೆಯದ ಡಬ್ಬಿಯಿಲ್ಲ. ಒಬ್ಬ ಹಳೆ ಕಬ್ಬಿಣದವನ ಗೋದಾಮಿನಲ್ಲಿ ಎರಡು ದಿನ ಕೂತು ಮೂರು ಮೂಟೆ ಚಿಲ್ಲರೆ ತಿರುವಿ ಹಾಕಿದ್ದೇನೆ. ಸಿಕ್ಕಿಲ್ಲ. ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಮಾತ್ರ ಹೋಗಿಲ್ಲ.

ತಮ್ಮ ವಿಶ್ವಾಸಿ,
ಕೈಪಿಡಿಯ ಕರ್ತೃ


ಫೆಬ್ರವರಿ 22

ಕೈಪಿಡಿಯವರಿಗೆ ನಮಸ್ಕಾರ.

ಒಂದು, ನಾನು ಹೆಂಗಸು. ಎರಡು, ನನ್ನದು ರಬ್ಬರ್ ಸ್ಟಾಂಪಿನ ಅಂಗಡಿ. "ಪಾವತಿಯಾಗಿದೆ", "ರದ್ದು", "ಮುಖ್ಯೋಪಾಧ್ಯಾಯರು" ಇಂಥವು. ಅಂಚೆಚೀಟಿಗೂ ನನಗೂ ಇರುವ ಸಂಬಂಧ ಈ ಲಕೋಟೆಯ ಮೇಲೆ ಅಂಟಿಸಿರುವುದಷ್ಟೇ. ಮೂರು, ನಾಣ್ಯವನ್ನು ಮಾರುವುದಿಲ್ಲ. ಮಾರುತ್ತೇನೆಂದು ಎಲ್ಲಿ ಬರೆದಿದ್ದೆ?

ನಾನು ಕೇಳಿದ್ದು ಒಂದೇ ಮಾತು, ಯಾರು ಹೇಳಿದರು ಎಂದು. ನೀವು ಎರಡು ಪುಟ ಬರೆದು ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಹೇಳಿದ್ದೀರಿ. ಗೋದಾಮಿನ ಕಥೆ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ "ಒಳಗಿನವರದೇ ಕೈವಾಡ" ಎಂದು ಅಚ್ಚು ಹಾಕಿಸಬೇಕಾದರೆ ಏನೋ ಒಂದು ಆಧಾರ ಇರಬೇಕಲ್ಲ. ಆ ಒಳಗಿನವರಿಗೂ ಮನೆ ಮಠ ಇರುತ್ತದೆ.

ಅದನ್ನೊಂದು ಬರೆಯಿರಿ, ಆಮೇಲೆ ನಿಮ್ಮ ತಂಟೆಗೆ ಬರುವುದಿಲ್ಲ.

ಸ್ಟಾಂಪ್ ಅಂಗಡಿಯವಳು


ಮಾರ್ಚ್ 9

ಸ್ಟಾಂಪ್ ಅಂಗಡಿಯವರಿಗೆ ವಂದನೆಗಳು.

ಮೂರೂ ತಪ್ಪಿಗೆ ಕ್ಷಮೆ ಇರಲಿ. ತಮ್ಮ ಪತ್ರವನ್ನು ಮನೆಯವಳಿಗೆ ಓದಿ ಹೇಳಿದೆ. "ಅಂತೂ ನಿಮಗೆ ಸರಿಯಾಗಿ ಜಾಡಿಸೋರು ಒಬ್ಬರು ಸಿಕ್ಕಿದ್ರು" ಎಂದು ನಕ್ಕಳು. ನಾನು ನಾಣ್ಯವನ್ನು ನೋಡಿದಷ್ಟು ಗಮನವಿಟ್ಟು ಕಾಗದವನ್ನು ನೋಡುವುದಿಲ್ಲವಂತೆ.

ಆಧಾರ ಕೇಳಿದ್ದೀರಿ. ಇದೆ, ಗಟ್ಟಿಯಾದದ್ದೇ ಇದೆ. ಆ ವರ್ಷ ಟಂಕಸಾಲೆಗೆ ಬಂದ ಉಕ್ಕು ಸರಿಯಿರಲಿಲ್ಲ, ನಾಣ್ಯ ಒತ್ತುವ ಅಚ್ಚುಗಳು ಬೇಗ ಬಿರುಕು ಬಿಡುತ್ತಿದ್ದವು. ಎರಡು ಅಚ್ಚುಗಳನ್ನು ಮತ್ತೆ ಕಾಸಿ ಹದಮಾಡಿ ಕೆಲಸಕ್ಕೆ ಹಚ್ಚಿದರು. ಹಾಗೆ ರಿಪೇರಿಯಾದವು ಎಷ್ಟು ದಿನ ಬಾಳುತ್ತವೆಂದು ತಿಳಿಯಲು ಅವುಗಳ ಮೇಲೆ ಒಂದು ಹೆಚ್ಚಿನ ಚುಕ್ಕೆ ಹೊಡೆಯಬೇಕೆಂದು ಅಚ್ಚುಮನೆಯ ಮೇಲ್ವಿಚಾರಕರು ಬಾಯಿಮಾತಿನಲ್ಲಿ ಆದೇಶ ಕೊಟ್ಟಿದ್ದರು. ಅವರು ಅದೇ ವರ್ಷ ತೀರಿಕೊಂಡರು. ಉಳಿದದ್ದು ಅಚ್ಚುಮನೆಯ ದಾಖಲೆ ಪುಸ್ತಕ. ಅದನ್ನು ನಾನು ಒಂದು ಕೆಲಸದ ನಿಮಿತ್ತ ಕಣ್ಣಾರೆ ನೋಡಿದ್ದೇನೆ. ದುಂಡು ಅಕ್ಷರದಲ್ಲಿ, ಒಂದು ಕಾಟೂ ಇಲ್ಲದೆ, ಸ್ಪಷ್ಟವಾಗಿ ಬರೆದಿತ್ತು: "ಎಲೆಯ ಬಲಕ್ಕೆ ಚುಕ್ಕೆ."

ಆದರೆ ಪೇಟೆಯಲ್ಲಿ ಓಡಾಡುತ್ತಿದ್ದ ನಾಣ್ಯಗಳಲ್ಲಿ ಚುಕ್ಕೆ ಇದ್ದದ್ದು ಎಡಕ್ಕೆ. ಅಂದ ಮೇಲೆ ಯಾರೋ ಚುಕ್ಕೆಯ ಸುದ್ದಿ ಗೊತ್ತಿದ್ದವರು, ಅಂದರೆ ಒಳಗಿನವರು, ಹೊರಗೆ ಬೇರೊಂದು ಅಚ್ಚು ಮಾಡಿದ್ದಾರೆ. ಮಾಡುವಾಗ ಎಡ ಬಲ ತಪ್ಪಿದ್ದಾರೆ. ಇದಕ್ಕಿಂತ ಬೇರೆ ಅರ್ಥ ಹೊರಡುವುದಿಲ್ಲ. ನಾಣ್ಯ ಒಂದು ಹೇಳುತ್ತದೆ, ಪುಸ್ತಕ ಇನ್ನೊಂದು ಹೇಳುತ್ತದೆ. ನಾನು ಪುಸ್ತಕವನ್ನು ನಂಬಿದೆ.

ತಮ್ಮ ಕುತೂಹಲ ತಣಿದಿದೆ ಎಂದುಕೊಳ್ಳುತ್ತೇನೆ. ತಂಟೆಗೆ ಬರುವುದಿಲ್ಲ ಎಂದಿದ್ದೀರಿ. ಬಂದರೂ ಅಡ್ಡಿಯಿಲ್ಲ. ಈಗೀಗ ನಾಣ್ಯದ ವಿಷಯಕ್ಕೆ ಕಾಗದ ಬರೆಯುವವರೇ ಕಡಿಮೆ.

ಕೈಪಿಡಿಯ ಕರ್ತೃ


ಮಾರ್ಚ್ 20

ಕೈಪಿಡಿಯವರಿಗೆ,

ನಿಮ್ಮ ಕಾಗದವನ್ನು ಅಂಗಡಿಯಲ್ಲೇ ಓದಿದೆ. ಎದುರಿಗೆ ಯಾವುದೋ ಶಾಲೆಯ ಸೀಲು ಅರ್ಧ ಜೋಡಿಸಿಟ್ಟಿದ್ದೆ. ಸೀಸದ ಅಕ್ಷರಮೊಳೆಗಳನ್ನು ಚಿಮಟದಲ್ಲಿ ಒಂದೊಂದಾಗಿ ಹಿಡಿದು ಬಲದಿಂದ ಎಡಕ್ಕೆ ನಿಲ್ಲಿಸುವುದು ನಮ್ಮ ಕೆಲಸ. ಅಕ್ಷರಗಳೂ ತಿರುವು ಮುರುವು, ಸಾಲೂ ತಿರುವು ಮುರುವು. "ಎಲೆಯ ಬಲಕ್ಕೆ ಚುಕ್ಕೆ" ಎಂಬಲ್ಲಿಗೆ ಬಂದಾಗ ಚಿಮಟ ಕೆಳಗಿಟ್ಟು ಮತ್ತೆ ಓದಿದೆ. ಗಿರಾಕಿಯೊಬ್ಬರು ಬಂದು ನಿಂತಿದ್ದರು. ಅವರನ್ನು ನಾಳೆ ಬನ್ನಿ ಎಂದು ಕಳಿಸಿಬಿಟ್ಟೆ.

ಸ್ವಾಮೀ, ಅದು ಅಚ್ಚುಮನೆಯ ಪುಸ್ತಕ. ಬರೆದದ್ದು ಅಚ್ಚನ್ನು ನೋಡಿ. ಅಚ್ಚಿನ ಮೇಲೆ ಬಲಕ್ಕೆ ಇದ್ದದ್ದು ನಾಣ್ಯದ ಮೇಲೆ ಎಡಕ್ಕೆ ಬೀಳುತ್ತದೆ. ನೀವು ನಾಣ್ಯವನ್ನು ಎದುರಿಗಿಟ್ಟುಕೊಂಡು ಅಚ್ಚಿನ ಪುಸ್ತಕವನ್ನು ಓದಿದಿರಿ.

ನಾಣ್ಯವೂ ಪುಸ್ತಕವೂ ಬೇರೆ ಬೇರೆ ಹೇಳುತ್ತಿರಲಿಲ್ಲ. ಎರಡೂ ಒಂದೇ ಮಾತು ಹೇಳುತ್ತಿದ್ದವು.

ಬಾಯಿಮಾತು ಬೇಡ ಎಂದು ಇದರ ಜೊತೆ ಒಂದು ರಬ್ಬರ್ ಸ್ಟಾಂಪು ಇಟ್ಟಿದ್ದೇನೆ. ನಿನ್ನೆ ಕೂತು ಮಾಡಿದ್ದು. ರಬ್ಬರಿನ ಮುಖ ನೋಡಿ. ಎಲೆ ಇದೆ, ಎಲೆಯ ಬಲಕ್ಕೆ ಚುಕ್ಕೆ ಇದೆ. ಶಾಯಿ ಹಚ್ಚಿ ನಿಮ್ಮ 112ನೇ ಪುಟದ ಮೇಲೆಯೇ ಒಂದು ಸಲ ಒತ್ತಿ ನೋಡಿ.

ಇನ್ನು ನಾನು ಮುಚ್ಚಿಟ್ಟಿದ್ದನ್ನೂ ಹೇಳಿಬಿಡುತ್ತೇನೆ. ಆ ಚುಕ್ಕೆ ಹೊಡೆದವರು ನಮ್ಮಪ್ಪ. ಟಂಕಸಾಲೆಯಲ್ಲಿ ಹದಿನೆಂಟು ವರ್ಷ, ಅಚ್ಚಿನ ಮೇಲೆ ಗುರುತು ಹೊಡೆಯುವ ಕೆಲಸ. ಸಣ್ಣ ಉಕ್ಕಿನ ಪಂಚು, ಸಣ್ಣ ಸುತ್ತಿಗೆ, ಒಂದೇ ಏಟು. ಎರಡನೇ ಏಟು ಬಿದ್ದರೆ ಅಚ್ಚು ಹಾಳು. ನನಗೆ ಒಂಬತ್ತು ವರ್ಷವಿದ್ದಾಗ ಅವರನ್ನು ಕೆಲಸದಿಂದ ತೆಗೆದರು. ನಿನ್ನ ಗುರುತು ಪುಸ್ತಕಕ್ಕೆ ತಾಳೆಯಾಗುವುದಿಲ್ಲ ಎಂದರಂತೆ. ಪುಸ್ತಕದಲ್ಲಿ ಏನಿದೆ ಎಂದು ತೋರಿಸಲಿಲ್ಲ, ಅವರನ್ನು ಒಂದು ಮಾತು ಕೇಳಲೂ ಇಲ್ಲ. ಜೈಲಿಗೆ ಹಾಕುವಷ್ಟು ಸಾಕ್ಷಿ ಇಲ್ಲವೆಂದು ಮನೆಗೆ ಕಳಿಸಿದರು. ಶಾಲೆಯಲ್ಲಿ ನನ್ನ ಹೆಸರು "ಖೋಟಾ" ಆಯಿತು. ಯಾರ ಪೆನ್ಸಿಲ್ಲು ಕಳೆದರೂ ಮೊದಲು ನನ್ನ ಚೀಲ ಬಿಚ್ಚುತ್ತಿದ್ದರು.

ಅಪ್ಪ ಈ ಸ್ಟಾಂಪ್ ಅಂಗಡಿ ಹಾಕಿದರು. ತಿರುಗಿಸಿ ಬರೆಯುವುದೊಂದೇ ಅವರಿಗೆ ಬರುತ್ತಿದ್ದ ವಿದ್ಯೆ. ಈಗ ಅವರಿಗೆ ಎಂಬತ್ತಮೂರು. ನಿಮ್ಮ ಕೈಪಿಡಿ ಹೊಸದಾಗಿ ಬಂದಾಗ ಯಾರೋ ಪುಣ್ಯಾತ್ಮರು ತಂದು 112ನೇ ಪುಟ ತೋರಿಸಿ ಹೋದರು. ಅಪ್ಪ ಅದನ್ನು ಓದಿ ಮಡಿಸಿ ಬೀರುವಿನ ಮೇಲಿಟ್ಟರು, ಅಷ್ಟೇ. ಕಳೆದ ಜನವರಿಯಲ್ಲಿ ಬೀರು ಒರೆಸುವಾಗ ನನಗೆ ಸಿಕ್ಕಿತು.

ನಿಮ್ಮಿಂದ ನನಗೆ ಬೇಕಾದದ್ದು ಒಂದೇ. ಆ ಸಾಲು ಹೋಗಬೇಕು, ಸರಿಯಾದದ್ದು ಅಚ್ಚಾಗಬೇಕು. ಅಪ್ಪ ಕಣ್ಣು ಬಿಟ್ಟಿರುವಾಗಲೇ ಆಗಬೇಕು. ಅವರಿಗೆ ಇನ್ನೂ ಏನೂ ಹೇಳಿಲ್ಲ. ಆಸೆ ಹುಟ್ಟಿಸಿ ಆಮೇಲೆ ಇಲ್ಲ ಅನ್ನುವ ಶಕ್ತಿ ನನಗಿಲ್ಲ.

ಸ್ಟಾಂಪ್ ಅಂಗಡಿಯವಳು


ಮೇ 2

ಕೈಪಿಡಿಯವರಿಗೆ,

ಆರು ವಾರ ಆಯಿತು. ಅಂಚೆಯವರನ್ನು ವಿಚಾರಿಸಿದೆ. ಪೊಟ್ಟಣ ಮಾರ್ಚ್ 24ಕ್ಕೆ ತಲುಪಿದೆಯಂತೆ, ಸಹಿ ಹಾಕಿ ತೆಗೆದುಕೊಂಡಿದ್ದೀರಂತೆ.

ದೊಡ್ಡವರು ತಪ್ಪು ಒಪ್ಪಿಕೊಳ್ಳುವುದು ಕಷ್ಟ, ನನಗೆ ಗೊತ್ತು. ನಿಮ್ಮ ಬಲಚುಕ್ಕೆಯ ಬೇಟೆ ಹಾಳಾಯಿತು ಎಂದು ಹೊಟ್ಟೆ ಉರಿದಿರಬಹುದು. ಸ್ಟಾಂಪು ಮಾಡುವ ಹೆಂಗಸೊಬ್ಬಳು ಹೇಳಿದ್ದನ್ನು ಕೇಳಬೇಕೇ ಎನಿಸಿರಬಹುದು. ಗೋದಾಮಿನಲ್ಲಿ ಎರಡು ದಿನ ಮೂಟೆ ತಿರುವಿ ಹಾಕುವ ತಾಳ್ಮೆ ಇದ್ದವರಿಗೆ ಒಂದು ಕಾರ್ಡು ಬರೆಯುವಷ್ಟು ಪುರುಸೊತ್ತು ಸಿಗಲಿಲ್ಲ.

ಅಪ್ಪನಿಗೆ ಹೋದ ವಾರ ಜ್ವರ ಬಂದು ಹೋಯಿತು. ಈಗ ಪರವಾಗಿಲ್ಲ. ನಿಮಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಸುಮ್ಮನೆ ತಿಳಿಸಿದೆ.


ಜೂನ್ 11

ಸ್ಟಾಂಪ್ ಅಂಗಡಿಯವರಿಗೆ,

ಬೈದಿದ್ದೀರಿ. ಕಡಿಮೆಯೇ ಬೈದಿದ್ದೀರಿ.

ಸ್ಟಾಂಪು ಬಂದ ದಿನವೇ ಒತ್ತಿ ನೋಡಿದೆ. ಒಂದು ಸಲವಲ್ಲ, ಕಾಗದದ ತುಂಬ ಒತ್ತಿದೆ. ಮನೆಯವಳು ಬಂದು ನೋಡಿ, ವಿಷಯ ಕೇಳಿ, "ಐವತ್ತು ವರ್ಷದಿಂದ ದಿನಾ ಕನ್ನಡಿ ಮುಂದೆ ನಿಂತು ತಲೆ ಬಾಚ್ಕೋತೀರಿ, ಇಷ್ಟೂ ಹೊಳೀಲಿಲ್ವಾ" ಎಂದಳು. ಅವಳು ಎಂದಿನಂತೆ ಕಾಲೆಳೆದದ್ದು. ನನಗೆ ನಗು ಬರಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ತಪ್ಪಿಸಿಕೊಳ್ಳುವ ದಾರಿ ಹುಡುಕಿದೆ. ದಾಖಲೆ ಬರೆದವರು ಅಚ್ಚನ್ನಲ್ಲ, ನಾಣ್ಯವನ್ನೇ ನೋಡಿ ಬರೆದಿರಲೂಬಹುದಲ್ಲ ಎಂದುಕೊಂಡೆ. ಟಂಕಸಾಲೆಯ ಬೇರೊಂದು ವಿಭಾಗದಲ್ಲಿದ್ದ ಒಬ್ಬ ನಿವೃತ್ತರನ್ನು ಹುಡುಕಿಕೊಂಡು ಹೋಗಿ ಕೇಳಿದೆ. "ಅಚ್ಚುಮನೇಲಿ ನಾಣ್ಯ ಎಲ್ಲಿಂದ ಬರತ್ತೆ ಸಾರ್? ಅವರಿಗೆ ಅಚ್ಚೇ ಸರ್ವಸ್ವ. ಬಲ ಅಂದ್ರೆ ಅಚ್ಚಿನ ಬಲ. ಇದನ್ನೂ ಕೇಳ್ತಾರಾ ಯಾರಾದ್ರೂ" ಎಂದರು. ನಾನು ಕೇಳಿರಲಿಲ್ಲ. ನಲವತ್ತು ವರ್ಷ ಟಂಕಸಾಲೆಯ ಗುರುತುಗಳ ಬಗ್ಗೆ ಬರೆದವನು ಟಂಕಸಾಲೆಯ ಅಚ್ಚುಮನೆಗೆ ಒಮ್ಮೆಯೂ ಕಾಲಿಟ್ಟವನಲ್ಲ.

ಇಷ್ಟೇ ಆಗಿದ್ದರೆ ಏಪ್ರಿಲ್ಲಿನಲ್ಲೇ ಬರೆಯುತ್ತಿದ್ದೆ. ಇನ್ನೊಂದಿದೆ. ದಾಖಲೆ ಪುಸ್ತಕವನ್ನು "ಒಂದು ಕೆಲಸದ ನಿಮಿತ್ತ" ನೋಡಿದೆ ಎಂದು ಬರೆದಿದ್ದೆ. ಯಾವ ಕೆಲಸ ಎಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಗ ನನಗೆ ಇಪ್ಪತ್ತಾರು. ವಸ್ತುಸಂಗ್ರಹಾಲಯದಲ್ಲಿ ಸಹಾಯಕ. ಟಂಕಸಾಲೆಯಲ್ಲಿ ವಿಚಾರಣೆ ನಡೆಯುತ್ತಿದೆ, ನಾಣ್ಯ ಬಲ್ಲವರ ಅಭಿಪ್ರಾಯ ಬೇಕು ಎಂದು ಪತ್ರ ಬಂತು. ನಮ್ಮ ಹಿರಿಯರು ರಜೆಯಲ್ಲಿದ್ದರು, ನನ್ನನ್ನು ಕಳಿಸಿದರು. ಹೊಸ ಕೋಟು ಹಾಕಿಕೊಂಡು ಹೋಗಿದ್ದೆ. ಆಫೀಸಿನ ಕೋಣೆಯಲ್ಲಿ ಮೇಜಿನ ಮೇಲೆ ಪುಸ್ತಕ, ಪಕ್ಕದಲ್ಲಿ ಏಳು ನಾಣ್ಯ. ಹತ್ತು ನಿಮಿಷ ನೋಡಿದೆ. ಅಭಿಪ್ರಾಯ ಬರೆದೆ. ಅದರ ಕಾರ್ಬನ್ ಪ್ರತಿ ನನ್ನ ಹಳೆಯ ಕಡತದಲ್ಲಿತ್ತು, ಮೊನ್ನೆ ತೆಗೆದೆ. ಹನ್ನೊಂದು ಸಾಲು. "ಸಂಶಯಕ್ಕೆ ಎಡೆಯಿಲ್ಲ" ಎಂಬ ಮಾತನ್ನು ಎರಡು ಕಡೆ ಬಳಸಿದ್ದೇನೆ. ಬಾಗಿಲ ಹೊರಗೆ ಬೆಂಚಿನ ಮೇಲೆ ಒಬ್ಬರು ಕೂತಿದ್ದರು, ಮಡಿಲಲ್ಲಿ ಕೈ ಇಟ್ಟುಕೊಂಡು. ನಾನು ಹೊರಬಂದಾಗ ಎದ್ದು ನಿಂತರು. ನನ್ನ ಕೋಟು ನೋಡಿ ದೊಡ್ಡ ಅಧಿಕಾರಿ ಎಂದುಕೊಂಡಿರಬೇಕು. ಅವರು ಯಾರು ಎಂದು ನಾನು ಕೇಳಲಿಲ್ಲ.

ಒಬ್ಬರ ಕೆಲಸ ಹೋಯಿತೆಂದು ಆಮೇಲೆ ಕಿವಿಗೆ ಬಿದ್ದಿತ್ತು. ಆ ಮಾತು ಬಂದಾಗಲೆಲ್ಲ ಬೇರೆ ಮಾತೆತ್ತಿದೆ. ಅದೇ ಅಭಿಪ್ರಾಯವನ್ನು ಕೈಪಿಡಿಯಲ್ಲೂ ಹಾಕಿದೆ. ನಾಲ್ಕು ಮುದ್ರಣವಾಯಿತು.

ಕೈಪಿಡಿಯಲ್ಲಿ ಇದ್ದದ್ದು ಬರೀ ತಪ್ಪು. ನಿಮ್ಮ ಮನೆಗೆ ನಾನು ಮಾಡಿದ್ದು ಅನ್ಯಾಯ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ನಿಮ್ಮ ತಂದೆಯವರನ್ನು ನೋಡಲು ಬರಲೇ?


ಜೂನ್ 19

ಬರಬೇಡಿ.

ನಿಮ್ಮ ಕಾಗದ ಓದಿ ಮೂರು ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಅಪ್ಪ ಯಾಕೆ ಎಂದು ಕೇಳಿದರು. ಮೈ ಸರಿಯಿಲ್ಲ ಎಂದೆ. ಬಿಸಿನೀರಿಗೆ ಜೇನು ಹಾಕಿ ತಂದುಕೊಟ್ಟರು. ಆ ಲೋಟ ಹಿಡಿದುಕೊಂಡು ನಿಮ್ಮನ್ನು ಶಪಿಸಬೇಕು ಎಂದುಕೊಂಡೆ. ಆಗಲಿಲ್ಲ, ನೀರು ಕುಡಿದು ಲೋಟ ತೊಳೆದಿಟ್ಟೆ.

ನೀವು ಬಂದು ಅತ್ತು ಹೋದರೆ ನಿಮ್ಮ ಭಾರ ಇಳಿಯುತ್ತದೆ. ಅಪ್ಪನ ಕೈಯಲ್ಲಿ ಏನುಳಿಯುತ್ತದೆ? ಅಚ್ಚಾದ ತಪ್ಪು ಅಚ್ಚಾಗಿಯೇ ಸರಿಹೋಗಬೇಕು. ಅಚ್ಚು ಹಾಕಿಸಿ. ಆಮೇಲೆ ಬರೆಯಿರಿ.


ಆಗಸ್ಟ್ 25

ಸ್ಟಾಂಪ್ ಅಂಗಡಿಯವರಿಗೆ,

ಆಯಿತು. ನಾಣ್ಯ ಸಂಗ್ರಾಹಕರ ಸಂಘದ ಪತ್ರಿಕೆಯ ಮೊದಲ ಪುಟದಲ್ಲಿ ತಿದ್ದುಪಡಿ ಬಂದಿದೆ. ಅದೇ ಪಾಠವನ್ನು ಬಿಡಿ ಹಾಳೆಯಾಗಿ ಮುದ್ರಿಸಿ, ಕೈಪಿಡಿ ಇಟ್ಟುಕೊಂಡಿರುವವರಿಗೆಲ್ಲ ವಿಳಾಸ ಸಿಕ್ಕಷ್ಟು ಕಳಿಸಿದ್ದೇನೆ. ಟಂಕಸಾಲೆಯ ಕಚೇರಿಗೂ ಕಳಿಸಿದೆ, ಹನ್ನೊಂದು ಸಾಲಿನ ಆ ಅಭಿಪ್ರಾಯವನ್ನು ಹಿಂದಕ್ಕೆ ಪಡೆದಿದ್ದೇನೆಂಬ ಪತ್ರದ ಜೊತೆ. ಅಲ್ಲಿಂದ ಉತ್ತರ ಬಂದಿಲ್ಲ. ಬಂದರೆ ತಿಳಿಸುತ್ತೇನೆ. ಬಿಡಿ ಹಾಳೆಯ ಒಂದು ಪ್ರತಿ ಇದರೊಂದಿಗಿದೆ. ಪಾಠ ಹೀಗಿದೆ:

"ಪುಟ 112. 'ಎಡಚುಕ್ಕೆ: ಕಳ್ಳ ಅಚ್ಚು' ಎಂಬುದನ್ನು ಹೊಡೆದುಹಾಕಿ. ಎಡಚುಕ್ಕೆಯು ಟಂಕಸಾಲೆಯ ಅಸಲು ಅಚ್ಚು. ದಾಖಲೆಯಲ್ಲಿ 'ಎಲೆಯ ಬಲಕ್ಕೆ ಚುಕ್ಕೆ' ಎಂದಿರುವುದು ಅಚ್ಚಿನ ಬಲ, ನಾಣ್ಯದಲ್ಲಿ ಅದೇ ಎಡ. ಗುರುತು ಹೊಡೆದವರು ಸರಿಯಾಗಿ ಹೊಡೆದಿದ್ದರು. ದಾಖಲೆ ಬರೆದವರು ಸರಿಯಾಗಿ ಬರೆದಿದ್ದರು. ಓದಿದವನು ತಪ್ಪು ಓದಿದ. ಅವನೇ ಈ ಕೈಪಿಡಿಯ ಕರ್ತೃ. ಈ ತಪ್ಪಿನಿಂದ ಒಬ್ಬ ಪ್ರಾಮಾಣಿಕರು ಕೆಲಸ ಕಳೆದುಕೊಂಡರು. ಬಲಚುಕ್ಕೆ ಎಂಬ ನಾಣ್ಯ ಇಲ್ಲ, ಎಂದೂ ಇರಲಿಲ್ಲ."

ಸಂಘದ ಸಭೆಯಲ್ಲಿ ಇದನ್ನು ನಾನೇ ನಿಂತು ಓದಿದೆ. ಮುಗಿಸಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ದಂತವೈದ್ಯರು ಎದ್ದು, "ಹಾಗಾದ್ರೆ ನನ್ನ ಹತ್ರ ಇರೋ ಬಲಚುಕ್ಕೆ ಏನು ಸಾರ್?" ಎಂದರು. ಯಾರಿಗೂ ತೋರಿಸದೆ ಹದಿನೈದು ವರ್ಷ ಬಚ್ಚಿಟ್ಟಿದ್ದರಂತೆ. ಜೇಬಿನಿಂದ ತೆಗೆದುಕೊಟ್ಟರು. ಎಡದ ಚುಕ್ಕೆಯನ್ನು ಅರದಲ್ಲಿ ಉಜ್ಜಿ, ಬಲಕ್ಕೆ ಒಂದು ಬೆಸುಗೆ ಚುಕ್ಕೆ ಕೂರಿಸಿದ್ದರು ಯಾರೋ, ನನ್ನ ಪುಸ್ತಕ ಓದಿದವರೇ. ಕಳ್ಳ ಅಚ್ಚು ಎಂದು ನಾನು ಕೂಗಿದ್ದಕ್ಕೆ ಹುಟ್ಟಿದ ಒಂದೇ ಕಳ್ಳ ನಾಣ್ಯ ಅದು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಈಗ ಬೆಳಗಾದರೆ ಮೇಜಿನ ಮುಂದೆ ಕೂರುತ್ತೇನೆ, ಹುಡುಕುವುದಕ್ಕೆ ಏನೂ ಇಲ್ಲ. ಅದನ್ನು ನಿಮ್ಮ ಹತ್ತಿರ ಹೇಳಿಕೊಳ್ಳಬಾರದು. ಹೇಳಿಬಿಟ್ಟೆ.

ಹಾಳೆಯನ್ನು ತಂದೆಯವರಿಗೆ ಓದಿ ಹೇಳಿ. ಅವರು ಏನೆಂದರು ಎಂದು ಬರೆಯಿರಿ. ಬೈದಿದ್ದರೆ ಬೈದದ್ದನ್ನೇ ಬರೆಯಿರಿ.

ಕೈಪಿಡಿಯವನು


ಸೆಪ್ಟೆಂಬರ್ 8

ಕೈಪಿಡಿಯವರಿಗೆ ನಮಸ್ಕಾರ.

ಹಾಳೆ ತಲುಪಿತು. ನೀವು ಅದನ್ನು ನಿಮ್ಮ ಜನರ ಮುಂದೆ ನಿಂತು ಓದಿದಿರಿ ಎಂಬುದೂ ತಿಳಿಯಿತು. ಅದು ಸುಲಭವಲ್ಲ. ಜೂನಿನಲ್ಲಿ ನಾನು ಬರೆದ ಮಾತುಗಳಲ್ಲಿ ಒಂದನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಈಗ ನಿಮ್ಮ ಮೇಲೆ ಸಿಟ್ಟಿಲ್ಲ.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಹತ್ತಿರ ಅಪ್ಪ ಬಟಾಣಿ ಬಿಡಿಸುತ್ತಿದ್ದರು. "ಅಪ್ಪಾ, ಒಂದು ಓದ್ತೀನಿ, ಪೂರ್ತಿ ಮುಗಿಯೋವರೆಗೂ ಮಧ್ಯೆ ಮಾತಾಡಬೇಡಿ" ಎಂದು ಓದಿದೆ. "ಪ್ರಾಮಾಣಿಕರು" ಎಂಬಲ್ಲಿ ನಿಂತು ಅವರ ಮುಖ ನೋಡಿದೆ. ಅಳುತ್ತಾರೆ, ಇಲ್ಲ ನಗುತ್ತಾರೆ ಎಂದುಕೊಂಡಿದ್ದೆ. ಈ ಒಂದು ಕ್ಷಣಕ್ಕಾಗಿ ಏಳು ತಿಂಗಳು ಕಾದಿದ್ದೆ. ಅವರು ಬಟಾಣಿಯ ಸಿಪ್ಪೆಯನ್ನೇ ನೋಡುತ್ತಿದ್ದರು.

"ಪುಸ್ತಕದ ಮಾತು ಇನ್ನೊಂದ್ ಸಲ ಓದು" ಎಂದರು.

"ಎಲೆಯ ಬಲಕ್ಕೆ ಚುಕ್ಕೆ."

"ಬಲಕ್ಕೆ ಅಂತ ಇದೆಯಾ? ಎಡಕ್ಕೆ ಅಂತ ಅಲ್ವಾ?"

"ಅಲ್ಲಪ್ಪಾ. ಬಲಕ್ಕೆ. ಒಂದು ಕಾಟೂ ಇರಲಿಲ್ವಂತೆ, ಅವರೇ ಕಣ್ಣಾರೆ ನೋಡಿದ್ದಾರೆ."

"ಹಾಗಾದ್ರೆ ಅವನು ಸರಿಯಾಗೇ ಬರ್ಕೊಂಡಿದ್ದ" ಎಂದರು. ಮುಖ ಬಿಳುಚಿಕೊಂಡಿತು. ಮತ್ತೆ ಜ್ವರ ಬಂತೇನೋ ಎಂದು ಹಣೆ ಮುಟ್ಟಿ ನೋಡಿದೆ.

ನಿಮಗೆ ಇದನ್ನು ವಿವರಿಸಬೇಕು. ಅಚ್ಚುಮನೆಯ ಆ ದಾಖಲೆ ಪುಸ್ತಕ ಬರೆಯುತ್ತಿದ್ದವರು ನನ್ನ ಸೋದರಮಾವ, ಅಮ್ಮನ ತಮ್ಮ. ಅಪ್ಪನೇ ಅವರನ್ನು ಆ ಕೆಲಸಕ್ಕೆ ಸೇರಿಸಿದ್ದು. ಅಪ್ಪ ಅಚ್ಚು ನೋಡಿ ಹೇಳುವುದು, ಮಾವ ಬರೆದುಕೊಳ್ಳುವುದು. ಪುಸ್ತಕಕ್ಕೆ ತಾಳೆಯಾಗುವುದಿಲ್ಲ ಎಂದು ವಿಚಾರಣೆಯಲ್ಲಿ ಹೇಳಿದಾಗ ಅಪ್ಪನಿಗೆ ಹೊಳೆದದ್ದು ಒಂದೇ: ನಾನು ಹೇಳಿದ್ದು ಬಲ, ಇವನು ಬರೆದದ್ದು ಎಡ. ಬೇಕೆಂದೇ ಬರೆದಿದ್ದಾನೆ, ಇಲ್ಲವೇ ಆಮೇಲೆ ತಿದ್ದಿದ್ದಾನೆ. ಅಚ್ಚಿನ ಪುಸ್ತಕವನ್ನು ನಾಣ್ಯ ಇಟ್ಟುಕೊಂಡು ಓದುವವರು ಲೋಕದಲ್ಲಿ ಇರಬಹುದು ಎಂದು ಅವರಿಗೆ ಹೊಳೆಯಲೇ ಇಲ್ಲ. ನಿಮಗೆ ಅಚ್ಚು ಹೊಳೆಯಲಿಲ್ಲ, ಅವರಿಗೆ ನಾಣ್ಯ ಹೊಳೆಯಲಿಲ್ಲ. ಅಪ್ಪನನ್ನು ತೆಗೆದರು, ಮಾವನನ್ನು ಇಟ್ಟುಕೊಂಡರು. ಅಪ್ಪನಿಗೆ ಇನ್ನೇನೂ ಸಾಕ್ಷಿ ಬೇಕಾಗಲಿಲ್ಲ. ಆಮೇಲೆ ನಿಮ್ಮ ಕೈಪಿಡಿಯಲ್ಲಿ 'ಬಲಚುಕ್ಕೆ: ಅಸಲು' ಎಂದು ಓದಿದಾಗಲೂ, ನಾಣ್ಯದ ಬಲ ಎಂದರೆ ಅಚ್ಚಿನ ಎಡ, ಇವನು ಬರೆದದ್ದು ಎಡವೇ ಎಂದು ಅನುಮಾನ ಇನ್ನೂ ಗಟ್ಟಿಯಾಯಿತಂತೆ.

ನನಗೆ ಇಷ್ಟೂ ಗೊತ್ತಿರಲಿಲ್ಲ. ಅಪ್ಪನಿಗೂ ಮಾವನಿಗೂ ಮಾತಿಲ್ಲ ಎಂದಷ್ಟೇ ಗೊತ್ತು. ಯಾವುದೋ ಸಣ್ಣ ಮುನಿಸು ಬೆಳೆದು ದೊಡ್ಡದಾಗಿದೆ ಎಂದುಕೊಂಡಿದ್ದೆ. ಮಾವನ ಮನೆ ನಮ್ಮ ಮನೆಯಿಂದ ಮೂರು ಬೀದಿ ಆಚೆ. ಅಮ್ಮ ಇರುವವರೆಗೆ ತಮ್ಮನನ್ನು ನೋಡಲು ಒಬ್ಬಳೇ ಹೋಗಿ ಬರುತ್ತಿದ್ದಳು. ಅಮ್ಮ ತೀರಿಕೊಂಡ ದಿನ ಮಾವ ಬಂದು ಗೇಟಿನ ಹೊರಗೆ ನಿಂತಿದ್ದರು. ಅಪ್ಪ ಒಳಗೆ ಕರೆಯಲಿಲ್ಲ. ಅವರು ಅಲ್ಲಿಂದಲೇ ನೋಡಿ ಹೋದರು.

ಅಪ್ಪ ಕೈ ತೊಳೆದುಕೊಂಡು ಬಂದು, ಇಸ್ತ್ರಿ ಮಾಡಿದ ಶರಟು ಕೊಡು ಎಂದರು. ಆಟೋ ತರಲೇ ಎಂದೆ. ಬೇಡ ಎಂದರು. ನನ್ನ ಭುಜ ಹಿಡಿದುಕೊಂಡು ಮೂರು ಬೀದಿ ನಡೆದರು, ನಡುವೆ ಎರಡು ಕಡೆ ಕೂತರು. ಹಾಳೆಯನ್ನು ಮಡಿಸಿ ಶರಟಿನ ಜೇಬಿನಲ್ಲಿಟ್ಟುಕೊಂಡಿದ್ದರು, ಆದರೆ ಅಲ್ಲಿ ಹೋದ ಮೇಲೆ ತೆಗೆಯಲೇ ಇಲ್ಲ.

ಬಾಗಿಲು ತೆಗೆದದ್ದು ಮಾವನೇ. ಎಪ್ಪತ್ತೇಳು ವರ್ಷ, ಬೆನ್ನು ಬಾಗಿದೆ. ನಮ್ಮನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಬಲಕ್ಕೆ ಅಂತಲೇ ಬರೆದಿದ್ದೀಯಂತೆ" ಎಂದರು ಅಪ್ಪ.

ಮಾವ ಒಂದು ಗಳಿಗೆಯೂ ಯೋಚಿಸಲಿಲ್ಲ. ಆ ಪುಸ್ತಕ ನಿನ್ನೆ ಮುಚ್ಚಿಟ್ಟಿದ್ದರೇನೋ ಅನ್ನುವ ಹಾಗೆ, "ನೀವು ಹೇಳಿದ್ದು ಅದೇ ಅಲ್ವಾ ಭಾವ" ಎಂದರು.

ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. "ನನ್ನನ್ನ ಒಂದ್ ಮಾತು ಕೇಳ್ಲಿಲ್ಲ ಅಂತ ನಲವತ್ತೊಂದು ವರ್ಷ ಕೊರಗಿದೆ ಕಣಯ್ಯಾ. ನಾನೂ ನಿನ್ನನ್ನ ಕೇಳ್ಲಿಲ್ಲ" ಎಂದರು.

ಮಾವ ನಿಧಾನಕ್ಕೆ ಗೋಡೆ ಹಿಡಿದು ಇಳಿದು ಅವರ ಪಕ್ಕ ಕೂತರು.

"ಕೇಳಿದ್ರೆ ಹೇಳ್ತಿದ್ದೆ ಭಾವ" ಎಂದರು.

ಸ್ಟಾಂಪ್ ಅಂಗಡಿಯವಳು